ತಡೆಗೋಡೆಗಳ ಗರ್ಭದಲ್ಲಿರುವ ಲೋಹಪಟ್ಟಿಗಳ ಕ್ಷಯ: ಕೊಪ್ಪಳ ಸೀಮೆಯ ನೆಲವನ್ನು ಕುರಿತ ಒಂದು ವಿವೇಚನೆ

೧. ವಿಷಯಸ್ವರೂಪ

ಕಣದಲ್ಲಿ ಸುರಿದ ಜೋಳದ ರಾಶಿಯು ತನಗೆ ಒಪ್ಪಿದ ಒಂದು ಇಳಿಜಾರಿನಲ್ಲಿ ನಿಲ್ಲುವುದಲ್ಲದೆ ಅದಕ್ಕಿಂತ ಕಡಿದಾಗಿ ನಿಲ್ಲಲಾರದು. ಮಣ್ಣಿನ ರಾಶಿಯ ಸ್ವಭಾವವೂ ಇಂಥದೇ. ಅದನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಮುಂದೆ ಒಂದು ಗೋಡೆಯನ್ನು ಕಟ್ಟಿ ತಡೆಯಬೇಕು. ಹೀಗೆ ಮಣ್ಣಿನ ಒತ್ತನ್ನು ತಾಳುವ ಗೋಡೆಗೆ ತಡೆಗೋಡೆಯೆಂದು ಹೆಸರು. ಕೆರೆಯ ಏರಿಯ ಕಲ್ಲುಕಟ್ಟು, ಕೋಟೆಯ ಕೊತ್ತಲ, ಬಾವಿಯ ಸುತ್ತುಗಟ್ಟು, ರಸ್ತೆಯು ಸೇತುವೆಗೆ ಏರುವಲ್ಲಿನ ಇಕ್ಕೆಲದ ಗೋಡೆ, ಇವೆಲ್ಲವೂ ಈ ಜಾತಿಗೆ ಸೇರಿದವು.

ತಡೆಗೋಡೆಯ ಮೇಲಿನ ಒತ್ತಡವು ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಣ ಮರಳುಮಣ್ಣು ಒಂದು ಘನ ಮೀಟರಿಗೆ ಸುಮಾರು ೧.೮ ಟನ್ ತೂಗುತ್ತದೆ. ಇಂತಹ ಮಣ್ಣು ಅಡ್ಡಲಾಗಿ ಒತ್ತುವ ಬಲವು ಅದರ ಮೇಲ್ಭಾರದ ಮೂರರಲ್ಲೊಂದು ಪಾಲಿನಷ್ಟು. ಆದುದರಿಂದ ಆರು ಮೀಟರ್ ಆಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೂ ಸುಮಾರು ಮೂರೂವರೆ ಟನ್ನಿನ ಒತ್ತಡವು ಬೀಳುವುದು. ಮಣ್ಣಿನಲ್ಲಿ ನೀರು ನಿಂತರಂತೂ ಈ ಒತ್ತಡವು ಇನ್ನೂ ಹೆಚ್ಚುವುದು.

ಈ ಬಲವನ್ನು ಎದುರಿಸಲು ಎರಡು ಉಪಾಯಗಳುಂಟು. ಗೋಡೆಯನ್ನು ದಪ್ಪನಾಗಿಯೂ ಭಾರವಾಗಿಯೂ ಕಟ್ಟಿ, ಅದರ ತೂಕದಿಂದಲೇ ಮಣ್ಣನ್ನು ತಡೆಯುವುದು ಮೊದಲನೆಯದು. ಇದು ಪುರಾತನ ಪದ್ಧತಿ. ಮಣ್ಣಿನ ಒಡಲೊಳಗೇ ಲೋಹದ ಪಟ್ಟಿಗಳನ್ನು ಹಾಸಿ, ಮಣ್ಣನ್ನೇ ಮಣ್ಣಿಗೆ ಕಟ್ಟಿಹಾಕುವುದು ಎರಡನೆಯದು. ಇದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ಬಂದ ಪದ್ಧತಿ. ಮೊದಲನೆಯ ಬಗೆಯ ಗೋಡೆಯ ಬಲವು ಹೊರಗೆ ಕಾಣುವ ಕಲ್ಲಿನಲ್ಲಿದೆ. ಎರಡನೆಯದರ ಬಲವು ಯಾರ ಕಣ್ಣಿಗೂ ಬೀಳದ ಲೋಹದಲ್ಲಿದೆ. ಆ ಲೋಹವು ಮಣ್ಣಿನಲ್ಲಿ ಹೇಗೆ ಸವೆಯುವುದು, ಎಷ್ಟು ಕಾಲ ಉಳಿಯುವುದು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರಾಂತ್ಯಗಳ ನೆಲದಲ್ಲಿ ಇದರ ವಿಷಯವಾಗಿ ಯಾವ ಎಚ್ಚರಿಕೆಯು ಬೇಕು ಎಂಬುದೇ ಈ ಲೇಖನದ ವಿಷಯವು.

೨. ಈ ಸೀಮೆಯ ಹಳೆಯ ಗೋಡೆಗಳು

ಕೊಪ್ಪಳ ಸೀಮೆಯು ಕಲ್ಲುಕಟ್ಟಡದ ಒಂದು ಪ್ರದರ್ಶನಶಾಲೆಯೆಂದರೆ ತಪ್ಪಾಗದು. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಬೃಹಚ್ಛಿಲಾಯುಗದ ನೂರಾರು ಕಲ್ಲುಗೋರಿಗಳಿವೆ. ಅವುಗಳನ್ನು ನಿಲ್ಲಿಸಿದವರು ಕಬ್ಬಿಣವನ್ನು ಬಲ್ಲ ಜನರೆಂದು ಪುರಾತತ್ತ್ವಜ್ಞರು ನಿರ್ಣಯಿಸಿದ್ದಾರೆ. ಆದರೂ ಅವರು ನಿಲುವಿಗಾಗಿ ನಂಬಿದ್ದು ಚಪ್ಪಡಿಯ ಭಾರವನ್ನೇ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ. ಶ. ೧೧೧೨ರಲ್ಲಿ ಕಟ್ಟಿಸಿದ ದೇವಾಲಯವನ್ನು ಶಾಸನವು ದೇವಾಲಯಚಕ್ರವರ್ತಿಯೆಂದು ಕೊಂಡಾಡಿದೆ. ಅಲ್ಲಿಯೂ ಕಲ್ಲಿಗೆ ಕಲ್ಲು ಕೂಡುವ ಸಂದಿನ ನಯವೇ ಕಟ್ಟಡಕ್ಕೆ ಆಧಾರ.

ತಡೆಗೋಡೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದವು ಆನೆಗೊಂದಿ ಮತ್ತು ಅದರ ಎದುರುದಡದ ವಿಜಯನಗರದ ಕೋಟೆಗೋಡೆಗಳು. ಇವುಗಳಲ್ಲಿ ಹೊರಮೈಯ ಕಲ್ಲುಗಳನ್ನು ಒಳಗೆ ಕಿರಿದಾಗುವಂತೆ ಬೆಣೆಯಾಕಾರದಲ್ಲಿ ಕಡಿದು, ಗಾರೆಯಿಲ್ಲದೆ ಒಂದರ ಮೇಲೊಂದನ್ನಿಟ್ಟು, ಹಿಂಬದಿಗೆ ಮಣ್ಣನ್ನೂ ಜಲ್ಲಿಯನ್ನೂ ತುಂಬಿದ್ದಾರೆ. ಬೆಣೆಯ ಬಾಲವು ತುಂಬಿದ ಮಣ್ಣಿನೊಳಕ್ಕೆ ಹೊಕ್ಕು ಹಿಡಿಯುತ್ತದೆ. ಗಾರೆಯಿಲ್ಲದ ಸಂದುಗಳಲ್ಲಿ ಮಳೆಯ ನೀರು ಹರಿದುಹೋಗುತ್ತದೆ. ಮಣ್ಣನ್ನು ಹಿಡಿದುಕೊಳ್ಳುವುದು, ನೀರನ್ನು ಬಿಟ್ಟುಕೊಡುವುದು, ಈ ಎರಡು ಗುಣಗಳೇ ಉತ್ತಮವಾದ ತಡೆಗೋಡೆಯ ಲಕ್ಷಣ. ವಿಜಯನಗರ ಕಾಲದ ಆನೆಗೊಂದಿ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ ಕಾಲುವೆಗಳು ಇಂದಿಗೂ ಭೂಮಿಗೆ ನೀರುಣಿಸುತ್ತಿರುವುದನ್ನು ನೋಡಿದರೆ ಆ ಕಾಲದ ಕೆಲಸಗಾರರ ತಿಳಿವಳಿಕೆಯು ಮನದಟ್ಟಾಗುವುದು.

ಕಲ್ಲಿನ ನಡುವೆ ಕಬ್ಬಿಣವನ್ನು ಸೇರಿಸಿದರೆ ಆಗುವ ಅನರ್ಥಕ್ಕೆ ಅಥೆನ್ಸ್ ನಗರದ ಪಾರ್ಥೆನಾನ್ ದೇವಾಲಯವು ಪ್ರಸಿದ್ಧ ನಿದರ್ಶನ. ಅಲ್ಲಿಯ ಪ್ರಾಚೀನ ಶಿಲ್ಪಿಗಳು ಕಲ್ಲುಗಳನ್ನು ಹಿಡಿದಿಡುವ ಕಬ್ಬಿಣದ ಕೊಂಡಿಗಳ ಸುತ್ತಲೂ ಸೀಸವನ್ನು ಎರಕ ಹೊಯ್ದಿದ್ದರು. ೧೮೯೮ರಿಂದ ಮೊದಲುಗೊಂಡು ನಡೆದ ಜೀರ್ಣೋದ್ಧಾರದಲ್ಲಿ ಬಲಾನೋಸ್ ಎಂಬ ಶಿಲ್ಪಶಾಸ್ತ್ರಿಯು ಸೀಸದ ರಕ್ಷೆಯಿಲ್ಲದ ಕಬ್ಬಿಣವನ್ನು ಬಳಸಿದನು. ಕೆಲವು ದಶಕಗಳಲ್ಲಿಯೇ ಆ ಕಬ್ಬಿಣವು ತುಕ್ಕು ಹಿಡಿದು ಉಬ್ಬಿ, ಎರಡು ಸಾವಿರ ವರ್ಷ ಬಾಳಿದ ಅಮೃತಶಿಲೆಯನ್ನು ಸೀಳಿತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಹೀಗಾಯಿತು. ಗೋಡೆಯೊಳಗಿನ ಲೋಹವು ಒಮ್ಮೆ ಕೆಟ್ಟರೆ ತನ್ನ ಬಲವನ್ನು ಕಳೆದುಕೊಳ್ಳುವುದಲ್ಲದೆ ನೆರೆಯನ್ನೂ ಕೆಡಿಸುವುದೆಂಬುದಕ್ಕೆ ಇದು ಸಾಕ್ಷಿ.

೩. ಪಟ್ಟಿ ಬಿಗಿದ ಮಣ್ಣು

ಲೋಹದ ಪಟ್ಟಿಗಳಿಂದ ಮಣ್ಣನ್ನು ಬಿಗಿಯುವ ಆಧುನಿಕ ವಿಧಾನವನ್ನು ಕಂಡುಹಿಡಿದವನು ಫ್ರಾನ್ಸ್ ದೇಶದ ಆನ್ರಿ ವಿದಾಲ್ ಎಂಬ ಇಂಜಿನಿಯರು. ಅವನು ೧೯೬೩ರಲ್ಲಿ ಇದಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ೧೯೬೫ರಲ್ಲಿ ಪಿರನೀಸ್ ಪರ್ವತಪ್ರಾಂತದ ಪ್ರಾನ್ಯೇರ್ ಎಂಬಲ್ಲಿ ಮೊದಲನೆಯ ಗೋಡೆಯು ಎದ್ದಿತು.

ಇದರ ರಚನಾಕ್ರಮವು ಹೀಗಿದೆ. ಹೊರಮುಖಕ್ಕೆ ಕಾಂಕ್ರೀಟಿನ ತೆಳುವಾದ ಫಲಕಗಳನ್ನು ನಿಲ್ಲಿಸುವರು. ಅವುಗಳ ಹಿಂದೆ ಮರಳುಸ್ವಭಾವದ ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡುವರು. ಸುಮಾರು ಮುಕ್ಕಾಲು ಮೀಟರ್ ಎತ್ತರಕ್ಕೆ ಒಂದರಂತೆ ಉಕ್ಕಿನ ಪಟ್ಟಿಗಳ ಸಾಲನ್ನು ಅಡ್ಡಲಾಗಿ ಹಾಸಿ, ಪಟ್ಟಿಯ ಒಂದು ತುದಿಯನ್ನು ಫಲಕಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಮಣ್ಣಿನೊಳಗೆ ಹಾಗೆಯೇ ಬಿಡುವರು. ಪಟ್ಟಿಯ ಅಗಲವು ಸಾಮಾನ್ಯವಾಗಿ ೫೦ ಮಿಲಿಮೀಟರ್, ದಪ್ಪವು ೪ ಮಿಲಿಮೀಟರ್; ಉದ್ದವು ಗೋಡೆಯ ಎತ್ತರದ ಹತ್ತರಲ್ಲಿ ಏಳು ಪಾಲಿಗೆ ಕಡಿಮೆಯಿಲ್ಲದಂತೆ ಇರುವುದು. ಮಣ್ಣು ಮುಂದಕ್ಕೆ ಸರಿಯಲು ಯತ್ನಿಸಿದಾಗ ಪಟ್ಟಿಗೂ ಮಣ್ಣಿಗೂ ನಡುವೆ ಹುಟ್ಟುವ ಘರ್ಷಣವು ಅದನ್ನು ತಡೆಯುತ್ತದೆ. ಪಟ್ಟಿಯು ಎಳೆತವನ್ನು ತಾಳುವುದರಿಂದ ಮಣ್ಣಿಗೆ ಸಹಜವಾಗಿ ಇಲ್ಲದ ಒಂದು ಗುಣವು ಅದಕ್ಕೆ ಬಂದಂತಾಗುತ್ತದೆ. ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲನ್ನು ಸೇರಿಸಿ ತುಳಿಯುವ ಹಳ್ಳಿಗನ ಯುಕ್ತಿಯಲ್ಲಿ ಇರುವುದೂ ಈ ತತ್ತ್ವವೇ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಪಟ್ಟಿಯ ಮೇಲಿನ ಎಳೆತವು ಫಲಕಕ್ಕೆ ಬಿಗಿದ ತುದಿಯಲ್ಲಿಯೇ ಅತ್ಯಧಿಕವೆಂದು ತೋರುವುದು ಸಹಜ. ವಸ್ತುತಃ ಅದು ಫಲಕದಿಂದ ಒಳಕ್ಕೆ ಸ್ವಲ್ಪ ದೂರದಲ್ಲಿ ಅತ್ಯಧಿಕವಾಗಿರುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಈ ದೂರವು ಎತ್ತರದ ಹತ್ತರಲ್ಲಿ ಮೂರು ಪಾಲಿನಷ್ಟು. ಆದುದರಿಂದ ಹತ್ತು ಮೀಟರ್ ಎತ್ತರದ ಗೋಡೆಯಲ್ಲಿ ಪಟ್ಟಿಯು ಅತ್ಯಂತ ಶ್ರಮಪಡುವ ಸ್ಥಳವು ಹೊರಮೈಯಿಂದ ಮೂರು ಮೀಟರ್ ಒಳಗಿರಬಹುದು. ಫಲಕದ ಸಂದಿಯಲ್ಲಿ ಇಣಿಕಿ ನೋಡಿ ಪಟ್ಟಿಯ ತುದಿಯು ಚೆನ್ನಾಗಿದೆಯೆಂದು ತೃಪ್ತಿಪಡುವುದರಿಂದ ಪ್ರಯೋಜನವಿಲ್ಲ.

ಭಾರತದಲ್ಲಿ ಹೆದ್ದಾರಿಗಳ ವಿಸ್ತರಣೆಯೊಡನೆ ಈ ಬಗೆಯ ಗೋಡೆಗಳು ಬಹಳವಾಗಿ ಎದ್ದಿವೆ. ಕೆಲವೆಡೆ ಉಕ್ಕಿನ ಪಟ್ಟಿಗಳೂ ಅನೇಕ ಕಡೆ ಪ್ಲಾಸ್ಟಿಕ್ ಜಾತಿಯ ಜಾಲರಿಗಳೂ ಬಳಕೆಯಾಗುತ್ತಿವೆ. ಭಾರತೀಯ ರಸ್ತೆ ಕಾಂಗ್ರೆಸ್ಸು ೨೦೧೪ರಲ್ಲಿ ಇವುಗಳಿಗಾಗಿಯೇ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿದೆ. ಹುಬ್ಬಳ್ಳಿಯಿಂದ ಕೊಪ್ಪಳದ ಮೂಲಕ ಹೊಸಪೇಟೆಗೆ ಹೋಗುವ ಹೆದ್ದಾರಿಯೂ ಹೊಸಪೇಟೆಯಿಂದ ಕುಷ್ಟಗಿಯ ಮೂಲಕ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯೂ ಈ ಸೀಮೆಯನ್ನು ಹಾಯುತ್ತವೆ. ಗದಗ-ವಾಡಿ ರೈಲುಮಾರ್ಗವು ಯಲಬುರ್ಗಾವನ್ನು ದಾಟಿ ೨೦೨೫ರಲ್ಲಿ ಕುಷ್ಟಗಿಯನ್ನು ಮುಟ್ಟಿತು. ಗಿಣಿಗೇರಿಯಿಂದ ಹೊರಟ ಇನ್ನೊಂದು ಮಾರ್ಗವು ಗಂಗಾವತಿಯ ಮೇಲೆ ಕಾರಟಗಿಗೆ ಹೋಗಿದೆ. ರಸ್ತೆಯು ರೈಲನ್ನು ದಾಟುವಲ್ಲೆಲ್ಲ ಎತ್ತರದ ಮಣ್ಣೇರಿಗಳೂ ತಡೆಗೋಡೆಗಳೂ ಬೇಕಾಗುವುದರಿಂದ, ಪ್ರಕೃತವಿಷಯವು ಈ ನಾಡಿಗೆ ದೂರದ್ದಲ್ಲ.

೪. ಹೆಸರುಗಳ ವಿಚಾರ

ಲೋಹವು ಕೆಡುವ ಕ್ರಿಯೆಗೂ ಕೆಟ್ಟಮೇಲೆ ಉಳಿಯುವ ದ್ರವ್ಯಕ್ಕೂ ಭೇದವನ್ನು ಮಾಡದೆ ಇದ್ದರೆ ವಿಷಯವು ಕಲಸಿಹೋಗುವುದು. ಅಮರಸಿಂಹನು ಕಬ್ಬಿಣದ ಮಲಕ್ಕೆ ಮಂಡೂರ, ಸಿಂಘಾಣ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ವೈದ್ಯಗ್ರಂಥಗಳಲ್ಲಿ ಲೋಹಕಿಟ್ಟವೆಂಬುದೂ ಇದಕ್ಕೇ ಸಲ್ಲುತ್ತದೆ. ಈ ಶಬ್ದಗಳು ಮುಖ್ಯವಾಗಿ ಕುಲುಮೆಯಲ್ಲಿ ಕಾಸಿದ ಕಬ್ಬಿಣದಿಂದ ಬೇರ್ಪಟ್ಟ ಕಸರನ್ನು ಹೇಳುವುವು. ರಸಶಾಸ್ತ್ರದಲ್ಲಿ ನೂರು ವರ್ಷದ ಮಂಡೂರವು ಉತ್ತಮ, ಎಂಬತ್ತರದು ಮಧ್ಯಮ, ಅರುವತ್ತರದು ಅಧಮ ಎಂಬ ವಿಭಾಗವುಂಟು. ಕಬ್ಬಿಣದ ಕಾಲಪರಿಣಾಮವನ್ನು ವರ್ಷಗಳ ಲೆಕ್ಕದಲ್ಲಿ ಎಣಿಸುವ ಪರಿಪಾಟಿಯು ವೈದ್ಯರಲ್ಲಿ ಹಿಂದಿನಿಂದಲೂ ಇದ್ದಿತೆಂಬುದಕ್ಕೆ ಇದು ಆಧಾರ.

ಕನ್ನಡದ ತುಕ್ಕು ಎಂಬ ಶಬ್ದವು ಕಬ್ಬಿಣಕ್ಕೂ, ಕಿಲುಬು ಎಂಬುದು ತಾಮ್ರ ಹಿತ್ತಾಳೆಗಳಿಗೂ ಸಲ್ಲುವುದು ರೂಢಿ. ನಿಜಾಮರ ಆಳಿಕೆಯಲ್ಲಿದ್ದ ಕೊಪ್ಪಳ ಸೀಮೆಯ ಆಡುಮಾತಿನಲ್ಲಿ ಪಾರಸಿಯಿಂದ ಬಂದ ಜಂಗು ಎಂಬ ಶಬ್ದವೂ ಬಳಕೆಯಲ್ಲಿದೆ. ಈ ಮೂರೂ ಕೆಟ್ಟಮೇಲೆ ಕಾಣುವ ದ್ರವ್ಯದ ಹೆಸರುಗಳು. ಕೆಡುವ ಕ್ರಿಯೆಯ ಹೆಸರುಗಳಲ್ಲ.

ಕ್ರಿಯೆಯನ್ನು ಹೇಳಲು ಆಧುನಿಕ ವಿಜ್ಞಾನಗ್ರಂಥಗಳು ಸಂಕ್ಷಾರಣವೆಂಬ ಶಬ್ದವನ್ನು ಬಳಸುತ್ತವೆ. ಈ ಶಬ್ದದಲ್ಲಿ ಕ್ಷಾರವು ಎದ್ದು ಕಾಣುವುದರಿಂದ, ಕ್ಷಾರದ್ರವ್ಯವೇ ಲೋಹವನ್ನು ಕೆಡಿಸುವುದೆಂದು ವಿದ್ಯಾರ್ಥಿಯು ಭ್ರಮಿಸುವ ಸಂಭವವುಂಟು. ವಾಸ್ತವವಾಗಿ ಆಮ್ಲವೂ ಉಪ್ಪೂ ಉಕ್ಕಿಗೆ ಹೆಚ್ಚು ಹಗೆ. ಕಾಂಕ್ರೀಟಿನ ಕ್ಷಾರಗುಣವು ತನ್ನೊಳಗಿನ ಉಕ್ಕಿಗೆ ರಕ್ಷೆಯೇ ಆಗಿರುತ್ತದೆ. ಧಾತುವನ್ನು ಹಿಡಿದು ಹೋದರೆ ದೋಷವಿಲ್ಲ. ಕ್ಷರ್ ಎಂಬ ಧಾತುವಿಗೆ ಸ್ರವಿಸು, ನಶಿಸು ಎಂಬ ಅರ್ಥಗಳಿದ್ದು, ನಶಿಸದುದೇ ಅಕ್ಷರವೆಂಬುದು ಸುವಿದಿತ. ಆದರೂ ಬೋಧನೆಯ ಸೌಕರ್ಯಕ್ಕಾಗಿ ಕ್ರಿಯೆಗೆ ಲೋಹಕ್ಷಯವೆಂದೂ, ಕಬ್ಬಿಣದಲ್ಲಿ ಅದರಿಂದಾಗುವ ದ್ರವ್ಯಕ್ಕೆ ತುಕ್ಕೆಂದೂ ಹೇಳುವುದು ಲೇಸು. ಸತುವಿಗೆ ತುಕ್ಕಿಲ್ಲ, ಆದರೆ ಕ್ಷಯವುಂಟು. ಮುಂದಿನ ಲೆಕ್ಕದಲ್ಲಿ ಈ ಭೇದವು ಮುಖ್ಯವಾಗುವುದು. ಅಂತೆಯೇ ಗೋಡೆಯ ಈ ಹೊಸ ಬಗೆಗೆ ಪಟ್ಟಿ ಬಿಗಿದ ಮಣ್ಣು ಎಂದರೆ ಸಮಾಸದ ಕಷ್ಟವಿಲ್ಲದೆ ಅರ್ಥವು ತಿಳಿಯುವುದು.

೫. ಕ್ಷಯದ ಕಾರಣ

ಗಣಿಯಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಅದಿರಿನ ರೂಪದಲ್ಲಿರುತ್ತದೆ. ತುಂಗಭದ್ರೆಯ ತೆಂಕಣ ದಿಕ್ಕಿನ ಸೊಂಡೂರು ಬೆಟ್ಟಗಳ ಕೆಂಪು ಅದಿರು ಇಂತಹುದು. ಕುಲುಮೆಯ ಉರಿಯಿಂದ ಆಮ್ಲಜನಕವನ್ನು ಬಿಡಿಸಿದಾಗ ಲೋಹವು ದೊರೆಯುವುದು. ಹೀಗೆ ಬಲಾತ್ಕಾರದಿಂದ ಬಿಡಿಸಿದ ಸಂಬಂಧವನ್ನು ಕಬ್ಬಿಣವು ಅವಕಾಶ ಸಿಕ್ಕಿದಾಗಲೆಲ್ಲ ಮತ್ತೆ ಬೆಳೆಸುವುದು. ತುಕ್ಕು ರಾಸಾಯನಿಕವಾಗಿ ಅದಿರಿನ ಹತ್ತಿರದ ಜ್ಞಾತಿ. ಪಾಳಿಯ ಧಮ್ಮಪದದಲ್ಲಿ ಕಬ್ಬಿಣ ಮತ್ತು ಅದರ ಮಲದ ದೃಷ್ಟಾಂತವು ಬಂದಿರುವುದು ಇಲ್ಲಿ ಸ್ಮರಣೀಯ. ತುಕ್ಕು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ, ಲೋಹವೇ ಮಾರ್ಪಟ್ಟ ರೂಪ.

ಈ ಮಾರ್ಪಾಟು ನಡೆಯಲು ನೀರು, ಆಮ್ಲಜನಕ ಎರಡೂ ಬೇಕು. ತೇವದ ಮಣ್ಣಿನಲ್ಲಿರುವ ಪಟ್ಟಿಯ ಮೈಯಲ್ಲಿ ಒಂದು ತಾಣದಲ್ಲಿ ಕಬ್ಬಿಣದ ಕಣಗಳು ವಿದ್ಯುದಂಶವನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುವುವು. ಆ ವಿದ್ಯುದಂಶವು ಲೋಹದೊಳಗೇ ಹರಿದು ಮತ್ತೊಂದು ತಾಣಕ್ಕೆ ಹೋಗಿ, ಅಲ್ಲಿ ಆಮ್ಲಜನಕವನ್ನೂ ನೀರನ್ನೂ ಕೂಡುವುದು. ಮಣ್ಣಿನ ತೇವವು ಎರಡು ತಾಣಗಳ ನಡುವೆ ಸೇತುವೆಯಾಗಿ ವಲಯವನ್ನು ಪೂರ್ಣಗೊಳಿಸುವುದು. ಆದುದರಿಂದ ಲೋಹಕ್ಷಯವೆಂದರೆ ಒಂದು ಸಣ್ಣ ವಿದ್ಯುತ್ಕೋಶದ ವ್ಯಾಪಾರ. ತೇವದಲ್ಲಿ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ತಿಗೆ ದಾರಿಯು ಸುಗಮವಾಗಿ ಕ್ಷಯವು ತೀವ್ರವಾಗುವುದು. ಮಣ್ಣಿನ ವಿದ್ಯುತ್ ನಿರೋಧವನ್ನು ಅಳೆದು ಅದರ ಕ್ಷಯಶಕ್ತಿಯನ್ನು ಊಹಿಸುವುದಕ್ಕೆ ಇದೇ ಆಧಾರ.

ಒಂದೇ ಪಟ್ಟಿಯು ಎರಡು ಜಾತಿಯ ಮಣ್ಣಿನಲ್ಲಿ ಹಾಯ್ದರೆ ಮತ್ತೊಂದು ವಿಪತ್ತು ಒದಗುವುದು. ಸಡಿಲವಾದ ಗರಸಿನಲ್ಲಿ ಗಾಳಿಯು ಆಡುವುದು. ಅದರ ನಡುವೆ ಸಿಕ್ಕಿಕೊಂಡ ಎರೆಮಣ್ಣಿನ ಹೆಂಟೆಯಲ್ಲಿ ಗಾಳಿಯಿಲ್ಲ. ಗಾಳಿಯುಳ್ಳ ಭಾಗವು ಒಂದು ಧ್ರುವವೂ ಇಲ್ಲದ ಭಾಗವು ಇನ್ನೊಂದು ಧ್ರುವವೂ ಆಗಿ, ಹೆಂಟೆಯಡಿಯ ಲೋಹವು ಕುಳಿಕುಳಿಯಾಗಿ ತಿನ್ನಲ್ಪಡುವುದು. ಗಾಳಿಯಿಲ್ಲದೆಡೆ ಲೋಹವು ಸುರಕ್ಷಿತವೆಂಬ ಲೋಕದ ಊಹೆಗೆ ಇದು ವಿಪರೀತ. ಇಡೀ ಪಟ್ಟಿಯ ಸರಾಸರಿ ಸವೆತವು ಅಲ್ಪವಾಗಿದ್ದರೂ ಒಂದು ಕುಳಿಯ ಬಳಿ ಅದು ಹರಿಯಬಹುದು. ನೀರು ನಿಂತು ಗಾಳಿ ಪೂರ್ತಿಯಾಗಿ ತಪ್ಪಿದ ಕೆಸರಿನಲ್ಲಿ ಗಂಧಕದ ಲವಣಗಳನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿದ್ದು, ಅವೂ ಉಕ್ಕಿನ ಕ್ಷಯಕ್ಕೆ ಕಾರಣವಾಗುವುವು; ಇಂತಹ ಕೆಸರಿನಲ್ಲಿ ಕೊಳೆತ ಮೊಟ್ಟೆಯ ನಾತವು ಬರುವುದು.

ಗಾಳಿಗೂ ನೆಲಕ್ಕೂ ಇರುವ ಅಂತರಕ್ಕೆ ದಿಲ್ಲಿಯ ಕಬ್ಬಿಣದ ಕಂಬವು ಉತ್ತಮವಾದ ಸಾಕ್ಷಿ. ಹದಿನಾರು ಶತಮಾನಗಳಷ್ಟು ಕಾಲ ಬಿಸಿಲು ಮಳೆಗಳಲ್ಲಿ ನಿಂತೂ ನೆಲದ ಮೇಲಿನ ಭಾಗವು ನಿರ್ಮಲವಾಗಿದೆ. ಕಬ್ಬಿಣದಲ್ಲಿ ಸೇರಿದ ರಂಜಕವು ಮೈಮೇಲೆ ಒಂದು ರಕ್ಷಕಪದರವನ್ನು ಬೆಳೆಸಿರುವುದೇ ಇದಕ್ಕೆ ಕಾರಣವೆಂದು ಲೋಹಶಾಸ್ತ್ರಜ್ಞರು ತಿಳಿಸಿದ್ದಾರೆ. ಆದರೆ ೧೯೬೧ರಲ್ಲಿ ಬುಡವನ್ನು ಅಗೆದು ನೋಡಿದಾಗ ಹೂತ ಭಾಗದಲ್ಲಿ ದಪ್ಪನೆಯ ತುಕ್ಕೂ ಕುಳಿಗಳೂ ಕಂಡುವು. ಕರ್ನಾಟಕದ ಕೊಡಚಾದ್ರಿಯಲ್ಲಿ ಮೂಕಾಂಬಿಕೆಯ ಗುಡಿಯ ಮುಂದೆ ಮಲೆನಾಡಿನ ಮಳೆಯಲ್ಲಿ ನಿಂತಿರುವ ಕಬ್ಬಿಣದ ಕಂಬವೂ ಹಳೆಯ ಕಮ್ಮಾರರ ಕೌಶಲಕ್ಕೆ ಪ್ರಸಿದ್ಧವಾಗಿದೆ. ಗಾಳಿಯಲ್ಲಿ ಬಾಳಿದ ಲೋಹವು ಮಣ್ಣಿನಲ್ಲಿಯೂ ಹಾಗೆಯೇ ಬಾಳುವುದೆಂದು ತರ್ಕಿಸಲಾಗದೆಂಬುದು ದಿಲ್ಲಿಯ ಕಂಬದ ಪಾಠ.

೬. ಸವೆತದ ಲೆಕ್ಕ

ಮಣ್ಣಿನಲ್ಲಿ ಲೋಹವು ಸವೆಯುವ ವೇಗವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ದಶಕಗಳ ಕಾಲ ಪರೀಕ್ಷಿಸಿದರು. ಮೂವತ್ತಾರು ಸಾವಿರಕ್ಕೂ ಮಿಕ್ಕ ಲೋಹದ ತುಣುಕುಗಳನ್ನು ಬೇರೆ ಬೇರೆ ನೆಲಗಳಲ್ಲಿ ಹೂತು, ವರ್ಷಗಳ ಮೇಲೆ ತೆಗೆದು ತೂಗಿದರು. ಅದರ ಫಲವನ್ನು ರೊಮಾನಾಫ್ ಎಂಬ ವಿದ್ವಾಂಸನು ೧೯೫೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಮೊದಲ ವರ್ಷಗಳಲ್ಲಿ ಕ್ಷಯವು ವೇಗವಾಗಿದ್ದು, ತುಕ್ಕಿನ ಪದರವು ಬೆಳೆದಂತೆ ಮಂದವಾಗುವುದೆಂಬುದು ಇದರಿಂದ ತಿಳಿದ ಮುಖ್ಯಾಂಶ.

ಉಕ್ಕಿನ ಪಟ್ಟಿಗೆ ರಕ್ಷೆಯಾಗಿ ಸತುವಿನ ಲೇಪವನ್ನು ಕೊಡುವರು. ಸತುವು ರಸಗ್ರಂಥಗಳ ಯಶದ. ಅದು ಉಕ್ಕಿಗಿಂತ ಬೇಗನೆ ವಿದ್ಯುದಂಶವನ್ನು ಬಿಟ್ಟುಕೊಡುವುದರಿಂದ ತಾನು ಮೊದಲು ಕ್ಷಯಿಸಿ ಉಕ್ಕನ್ನು ಕಾಯುವುದು. ಲೇಪದಲ್ಲಿ ಗೀರು ಬಿದ್ದರೂ ಸುತ್ತಲಿನ ಸತುವು ಆ ಗೀರನ್ನು ಕಾಪಾಡುವುದು. ಲೇಪದ ದಪ್ಪವು ಸಾಮಾನ್ಯವಾಗಿ ೮೬ ಮೈಕ್ರಾನ್. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘದ ನಿಯಮದಂತೆ ಮೊದಲ ಎರಡು ವರ್ಷ ಸತುವು ವರ್ಷಕ್ಕೆ ೧೫ ಮೈಕ್ರಾನಿನಂತೆಯೂ, ಅನಂತರ ೪ ಮೈಕ್ರಾನಿನಂತೆಯೂ ಸವೆಯುವುದೆಂದು ಎಣಿಸಬೇಕು. ಎರಡು ವರ್ಷಕ್ಕೆ ೩೦ ಮೈಕ್ರಾನ್ ಹೋದಮೇಲೆ ಉಳಿದ ೫೬ ಮೈಕ್ರಾನ್ ಹದಿನಾಲ್ಕು ವರ್ಷ ಬರುವುದು. ಒಟ್ಟಿನಲ್ಲಿ ಸತುವಿನ ರಕ್ಷೆಯು ಹದಿನಾರು ವರ್ಷಕ್ಕೆ ಮುಗಿಯುವುದು. ಆಮೇಲೆ ಉಕ್ಕು ಒಂದೊಂದು ಮೈಯಲ್ಲಿಯೂ ವರ್ಷಕ್ಕೆ ೧೨ ಮೈಕ್ರಾನಿನಂತೆ ಸವೆಯುವುದು. ಗೋಡೆಯ ಆಯುಸ್ಸು ೭೫ ವರ್ಷವೆಂದಿಟ್ಟುಕೊಂಡರೆ ಉಳಿದ ೫೯ ವರ್ಷಗಳಲ್ಲಿ ಒಂದು ಮೈಯಲ್ಲಿ ೭೦೮ ಮೈಕ್ರಾನ್, ಎರಡೂ ಮೈಗಳಲ್ಲಿ ಸೇರಿ ೧.೪ ಮಿಲಿಮೀಟರಿಗೆ ತುಸು ಮೇಲೆ ಹೋಗುವುದು. ೪ ಮಿಲಿಮೀಟರಿನ ಪಟ್ಟಿಯಲ್ಲಿ ಉಳಿಯುವುದು ೨.೬ ಮಿಲಿಮೀಟರಿಗೆ ತುಸು ಕಡಿಮೆ. ಆಯುಸ್ಸು ನೂರು ವರ್ಷವಾದರೆ ಎರಡು ಮಿಲಿಮೀಟರ್, ಎಂದರೆ ಪಟ್ಟಿಯ ಅರ್ಧಭಾಗವು, ಸವೆದಿರುವುದು. ಗೋಡೆಯನ್ನು ಯೋಜಿಸುವವನು ಆರಂಭದ ದಪ್ಪವನ್ನು ನಂಬದೆ ಈ ಉಳಿಕೆಯ ದಪ್ಪವನ್ನೇ ನಂಬಿ ಲೆಕ್ಕ ಹಾಕತಕ್ಕದ್ದು. ಸವೆದುಹೋಗಲೆಂದೇ ಮುಂಗಡವಾಗಿ ಕೊಟ್ಟ ಲೋಹಕ್ಕೆ ಬಲಿಯ ದಪ್ಪವೆಂದು ಹೇಳಬಹುದು.

ಈ ಲೆಕ್ಕವು ಎಲ್ಲ ಮಣ್ಣಿಗೂ ಸಲ್ಲುವುದಲ್ಲ. ಮಣ್ಣಿನ ಆಮ್ಲಕ್ಷಾರಮಾನವು ೫ರಿಂದ ೧೦ರೊಳಗಿರಬೇಕು. ವಿದ್ಯುತ್ ನಿರೋಧವು ೩೦೦೦ ಓಮ್-ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಕ್ಲೋರೈಡ್ ಹತ್ತು ಲಕ್ಷಕ್ಕೆ ೧೦೦ ಪಾಲನ್ನೂ ಸಲ್ಫೇಟ್ ೨೦೦ ಪಾಲನ್ನೂ ಮೀರಬಾರದು. ಈ ಎಲ್ಲೆಗಳನ್ನು ಮೀರಿದ ಮಣ್ಣಿನಲ್ಲಿ ಮೇಲಿನ ಅಂಕಿಗಳಿಗೆ ಅರ್ಥವಿಲ್ಲ. ಶ್ರೇಷ್ಠಲೋಹವನ್ನು ಹಾಕಿದರೆ ತೊಂದರೆಯು ತಪ್ಪುವುದೆಂಬ ನಂಬಿಕೆಯೂ ಸುಳ್ಳಾಯಿತು. ಫ್ರಾನ್ಸಿನಲ್ಲಿ ಮೊದಮೊದಲು ತುಕ್ಕು ಹಿಡಿಯದ ಉಕ್ಕಿನ ಮತ್ತು ಅಲ್ಯುಮಿನಿಯಮ್ ಮಿಶ್ರಲೋಹದ ಪಟ್ಟಿಗಳಿಂದ ಕೆಲವು ಗೋಡೆಗಳನ್ನು ಕಟ್ಟಿದರು. ಅವುಗಳಲ್ಲಿ ಮೈಯೆಲ್ಲ ಸಮನಾಗಿ ಸವೆಯುವ ಬದಲು ಅಲ್ಲಲ್ಲಿ ಆಳವಾದ ಕುಳಿಗಳು ಬಿದ್ದುವು. ಸಮನಾಗಿ ಸವೆಯುವ ಸಾಮಾನ್ಯ ಉಕ್ಕಿಗೆ ಸತುವಿನ ಲೇಪವನ್ನು ಕೊಡುವುದೇ ಲೆಕ್ಕಕ್ಕೆ ಸಿಕ್ಕುವ ದಾರಿಯೆಂದು ಆಮೇಲೆ ನಿಶ್ಚಯವಾಯಿತು.

೭. ಈ ಸೀಮೆಯ ನೆಲ

ಶೀತದೇಶಗಳಲ್ಲಿ ಮಂಜನ್ನು ಕರಗಿಸಲು ರಸ್ತೆಗೆ ಎರಚುವ ಉಪ್ಪು ಮೇಲಿನಿಂದ ಇಳಿದು ಪಟ್ಟಿಗಳನ್ನು ಕೆಡಿಸುವುದು. ಕೊಪ್ಪಳ ಸೀಮೆಯಲ್ಲಿ ಆ ಭಯವಿಲ್ಲ. ಇಲ್ಲಿ ಉಪ್ಪು ಕೆಳಗಿನಿಂದ ಏರಿಬರುವುದು.

ಕುಷ್ಟಗಿ ಯಲಬುರ್ಗಾಗಳ ಕಡೆ ಎರೆಯೂ ಮಸಾರಿಯೂ ಬೆರೆತ ಒಣಬೇಸಾಯದ ಭೂಮಿಯಿದೆ. ಎರೆಯ ನೆಲವು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದು. ನೀರನ್ನು ಹಿಡಿದುಕೊಂಡು ಬಿಡದು. ತಡೆಗೋಡೆಯ ಹಿಂದೆ ತುಂಬಲು ಅದು ಯೋಗ್ಯವಲ್ಲ. ಕಲ್ಲುಬೆಟ್ಟಗಳ ತಪ್ಪಲಿನ ಗರಸು ನೀರನ್ನು ಬಸಿದುಕೊಡುವುದರಿಂದ ಉಪಯುಕ್ತವಾದುದು. ಆದರೆ ಗರಸನ್ನು ಅಗೆಯುವಾಗ ಮೇಲ್ಪದರದ ಎರೆಯು ಹೆಂಟೆಯಾಗಿ ಬೆರೆತುಬರುವ ಸಂಭವವುಂಟು. ಅಂತಹ ಬೆರಕೆಯ ದೋಷವೇನೆಂಬುದನ್ನು ಮೇಲೆಯೇ ವಿವರಿಸಿದೆ.

ಗಂಗಾವತಿಯ ಭಾಗದ ಸ್ಥಿತಿಯು ಬೇರೆ. ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ರ ಫೆಬ್ರವರಿ ೨೮ರಂದು ಅಸ್ತಿಭಾರವಾಯಿತು. ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆಯ ಕಾಲುವೆಯನ್ನು ಮುಖ್ಯವಾಗಿ ಮಿತನೀರಿನ ಬೆಳೆಗಳಿಗಾಗಿ ಯೋಜಿಸಿದ್ದರು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಬತ್ತದ ಬೆಳೆಯು ಯೋಜನೆಯನ್ನು ಮೀರಿ ಹಬ್ಬಿತು. ಗದ್ದೆಗಳಲ್ಲಿ ನಿಂತ ನೀರು ಇಂಗಿ ಅಂತರ್ಜಲವು ಮೇಲಕ್ಕೆ ಬಂದಿತು; ಆ ನೀರು ಕೇಶಾಕರ್ಷಣದಿಂದ ಏರಿ ಆವಿಯಾಗಿ ತನ್ನ ಲವಣವನ್ನು ಮೇಲ್ಮಣ್ಣಿನಲ್ಲಿ ಬಿಟ್ಟಿತು. ರೈತರು ಇದನ್ನೇ ಸವಳು-ಜವಳು ಎನ್ನುವರು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು ೯೬ ಸಾವಿರ ಹೆಕ್ಟೇರ್ ಭೂಮಿಯು ಹೀಗೆ ಕೆಟ್ಟಿದೆಯೆಂದು ಅಂದಾಜು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದಡಿಯ ಬಸಿಗಾಲುವೆಗಳ ಮೂಲಕ ಇಂತಹ ಭೂಮಿಯನ್ನು ಸುಧಾರಿಸುವ ಪ್ರಯೋಗಗಳನ್ನು ನಡೆಸಿಕೊಂಡು ಬಂದಿದ್ದಾರೆ.

ಬತ್ತದ ಪೈರಿಗೆ ಹಗೆಯಾದ ಸವಳು ಉಕ್ಕಿನ ಪಟ್ಟಿಗೂ ಹಗೆಯೇ. ಸವಳುಭೂಮಿಯಲ್ಲಿ ಏರಿಯನ್ನು ಕಟ್ಟುವಾಗ ಹೊರಗಿನಿಂದ ಶುದ್ಧವಾದ ಗರಸನ್ನು ತಂದು ತುಂಬಿದರೂ, ಬುಡದಲ್ಲಿ ಜವಳು ನಿಂತಿದ್ದರೆ ಲವಣವು ತೇವದೊಡನೆ ಮೇಲಕ್ಕೇರಿ ಕೆಳಗಿನ ಪಟ್ಟಿಗಳನ್ನು ಮುಟ್ಟುವುದು. ಮಣ್ಣಿನ ಭಾರವು ಕೆಳಗೆಯೇ ಹೆಚ್ಚಾದುದರಿಂದ ಕೆಳಗಿನ ಪಟ್ಟಿಗಳ ಮೇಲೆ ಎಳೆತವೂ ಹೆಚ್ಚು. ಅತ್ಯಧಿಕ ಬಲವು ಬೇಕಾದೆಡೆಯಲ್ಲಿಯೇ ಅತ್ಯಧಿಕ ಕ್ಷಯವು ಸಂಭವಿಸುವುದು ಇಲ್ಲಿಯ ವಿಶೇಷವಾದ ಅಪಾಯ. ಇದಕ್ಕೆ ಪ್ರತೀಕಾರಗಳು ಸರಳವಾದುವು. ತುಂಬುವ ಮಣ್ಣನ್ನು ಮಾತ್ರವೇ ಅಲ್ಲದೆ ತಳದ ನೆಲವನ್ನೂ ಅಂತರ್ಜಲವನ್ನೂ ಪರೀಕ್ಷಿಸಬೇಕು. ಪರೀಕ್ಷೆಯು ಬೇಸಗೆಯಲ್ಲಿ ಒಮ್ಮೆ, ಕಾಲುವೆಯಲ್ಲಿ ನೀರಿರುವಾಗ ಒಮ್ಮೆ ನಡೆಯಬೇಕು. ತಳದಲ್ಲಿ ದಪ್ಪ ಜಲ್ಲಿಯ ಪದರವನ್ನು ಹಾಸಿದರೆ ನೀರು ಮೇಲಕ್ಕೇರುವ ದಾರಿಯು ಕಡಿದುಹೋಗುವುದು. ಉಪ್ಪು ಮಿತಿಮೀರಿದ್ದರೆ ಉಕ್ಕನ್ನು ಬಿಟ್ಟು ಜಾಲರಿಗಳನ್ನೋ ಕೇವಲ ಕಲ್ಲುಗೋಡೆಯನ್ನೋ ಆಶ್ರಯಿಸುವುದು ವಿಹಿತ. ವಿದ್ಯುತ್ಸ್ಥಾವರಗಳ ಹಾರುಬೂದಿಯನ್ನು ತುಂಬುವೆಡೆಗಳಲ್ಲಿಯೂ ಮೇಲಿನ ಎಲ್ಲೆಗಳನ್ನು ಅಳೆದು ನೋಡದೆ ಉಕ್ಕನ್ನು ಹಾಸಬಾರದು.

೮. ಕಾಣುವ ಲೋಹ, ಕಾಣದ ಲೋಹ

ಲೋಹದ ಆಯುಸ್ಸನ್ನು ಮರೆತರೆ ಏನಾಗುವುದೆಂಬುದನ್ನು ಈ ಸೀಮೆಯ ಜನರು ಇತ್ತೀಚೆಗೆ ಕಣ್ಣಾರೆ ಕಂಡಿದ್ದಾರೆ. ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟು ಸುರ್ಕಿ ಗಾರೆಯ ಕಲ್ಲುಕಟ್ಟಡ. ಅದರ ಮೈಯಲ್ಲಿ ಬಲಕ್ಕಾಗಿ ಉಕ್ಕನ್ನು ನಂಬಿಲ್ಲ. ಅದರ ೩೩ ಬಾಗಿಲುಗಳೂ ಅವುಗಳ ಸರಪಳಿಗಳೂ ಮಾತ್ರ ಉಕ್ಕಿನವು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಳಿಯು ತುಂಡಾಗಿ ಬಾಗಿಲು ಕ್ಷಣಮಾತ್ರದಲ್ಲಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರನ್ನು ನದಿಗೆ ಬಿಡಬೇಕಾಯಿತು. ಬಾಗಿಲುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಆಗಸ್ಟ್ ೧೭ರ ಹೊತ್ತಿಗೆ ಹರಿವನ್ನು ನಿಲ್ಲಿಸಿದರು. ಎಲ್ಲ ಬಾಗಿಲುಗಳನ್ನೂ ಬದಲಾಯಿಸಬೇಕೆಂದು ಆಮೇಲೆ ತೀರ್ಮಾನವಾಯಿತು. ೨೦೨೫ರ ಮಳೆಗಾಲದಲ್ಲಿ ಜಾಗ್ರತೆಗಾಗಿ ಸಂಗ್ರಹವನ್ನು ೮೦ ಟಿ. ಎಂ. ಸಿ.ಗೆ ಮಿತಿಗೊಳಿಸಿದರು. ಎರಡನೆಯ ಬೆಳೆಯ ಆಸೆಯಲ್ಲಿದ್ದ ರೈತನಿಗೆ ಒಂದು ಕೊಂಡಿಯ ಬೆಲೆಯು ಎಷ್ಟೆಂಬುದು ಅಂದು ತಿಳಿಯಿತು.

ಆ ಸರಪಳಿಯು ಮಣ್ಣಿನಲ್ಲಿ ಹೂತದ್ದಲ್ಲ. ಸುಮಾರು ಏಳು ದಶಕ ಬಯಲಿನಲ್ಲಿಯೇ, ನೋಡುವವರ ಕಣ್ಣೆದುರಿಗೇ ಇದ್ದಿತು. ಬಯಲಿನ ಲೋಹದ ಗತಿಯೇ ಹೀಗಾದರೆ, ಹೂತ ಲೋಹದ ವಿಷಯದಲ್ಲಿ ನೋಟವನ್ನು ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ಅಲ್ಲದೆ ಅಣೆಕಟ್ಟಿನಲ್ಲಿ ಒಂದು ಬಾಗಿಲು ಕೆಟ್ಟರೆ ಮತ್ತೊಂದನ್ನು ಇಳಿಸಬಹುದು. ಗೋಡೆಯೊಳಗಿನ ಪಟ್ಟಿಯನ್ನು ಬದಲಾಯಿಸಬೇಕಾದರೆ ಮೇಲಿನ ರಸ್ತೆಯನ್ನೂ ಮಣ್ಣನ್ನೂ ತೆಗೆಯಬೇಕು.

ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯವೊಂದುಂಟು. ಗೋಡೆಯನ್ನು ಕಟ್ಟುವಾಗಲೇ, ಭಾರವನ್ನು ಹೊರದ ಸಣ್ಣ ಪಟ್ಟಿತುಣುಕುಗಳನ್ನು ಫಲಕದ ರಂಧ್ರಗಳ ಮೂಲಕ ಹೊರತೆಗೆಯಲು ಬರುವಂತೆ ಮಣ್ಣಿನಲ್ಲಿ ಹೂತಿಡುವರು. ಐದು ಹತ್ತು ವರ್ಷಗಳಿಗೊಮ್ಮೆ ಒಂದೊಂದನ್ನು ತೆಗೆದು, ತುಕ್ಕನ್ನು ತೊಳೆದು, ತೂಕವನ್ನೂ ಕುಳಿಗಳ ಆಳವನ್ನೂ ಅಳೆದರೆ ಒಳಗಿನ ಪಟ್ಟಿಗಳ ಸ್ಥಿತಿಯನ್ನು ಊಹಿಸಬಹುದು. ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಪ್ರತ್ಯಕ್ಷಕ್ಕೆ ಎಡೆಯಿಲ್ಲದಲ್ಲಿ ಅನುಮಾನಕ್ಕೆ ಬೇಕಾದ ಹೇತುವನ್ನು ಮೊದಲೇ ಹೂತಿಟ್ಟಂತೆ. ಇಂತಹ ತುಣುಕುಗಳನ್ನು ಇಡದ ಗೋಡೆಗಳಲ್ಲಿ ಹೊರಗಿನ ಚಿಹ್ನೆಗಳನ್ನೇ ನೋಡಬೇಕು. ಫಲಕಗಳು ಉಬ್ಬುವುದು, ಸಂದುಗಳು ಹೆಚ್ಚು ಕಡಿಮೆಯಾಗುವುದು, ಸಂದಿಯಿಂದ ಮಣ್ಣು ಸುರಿಯುವುದು, ಕೆಂಗಂದಿನ ನೀರು ಒಸರುವುದು, ಮೇಲಿನ ರಸ್ತೆಯು ಗೋಡೆಯ ಗುಂಟ ಬಿರಿಯುವುದು, ಇವು ಮುಖ್ಯವಾದ ಚಿಹ್ನೆಗಳು. ಇವು ಕಾಣುವಷ್ಟರಲ್ಲಿ ರೋಗವು ಬಲಿತಿರುವುದೆಂಬುದನ್ನೂ ಮರೆಯಬಾರದು. ಗೋಡೆಯ ಮೇಲಣ ಚರಂಡಿಯು ಕಟ್ಟಿಕೊಂಡು ನೀರು ಒಳಕ್ಕಿಳಿಯುವುದೇ ಅನೇಕ ಕೇಡುಗಳ ಮೂಲವಾದುದರಿಂದ ಚರಂಡಿಯ ಶುದ್ಧಿಯು ಅತ್ಯಂತ ಅಲ್ಪವ್ಯಯದ ರಕ್ಷೆ.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳು ಇವು. ಪಟ್ಟಿ ಬಿಗಿದ ಮಣ್ಣಿನ ಗೋಡೆಯಲ್ಲಿ ಲೋಹಕ್ಷಯವು ಆಕಸ್ಮಿಕವಲ್ಲ. ಅದು ಲೆಕ್ಕದಲ್ಲಿ ಮೊದಲೇ ಸೇರಿದ ವ್ಯಯ. ಆ ಲೆಕ್ಕವು ನಿಲ್ಲುವುದು ಮಣ್ಣು ನಿಯಮಿತವಾದ ಗುಣಗಳನ್ನು ಹೊಂದಿದ್ದರೆ ಮಾತ್ರ. ಗಂಗಾವತಿಯ ಸವಳು-ಜವಳಿನ ಭೂಮಿಯಲ್ಲಿಯೂ ಎರೆ ಬೆರೆತ ಗರಸಿನಲ್ಲಿಯೂ ಆ ಗುಣಗಳು ಇವೆಯೆಂದು ಪರೀಕ್ಷೆಯಿಲ್ಲದೆ ಊಹಿಸಕೂಡದು. ಗೋಡೆಯನ್ನು ಕಟ್ಟಿದವರ ಲೆಕ್ಕಪತ್ರಗಳು, ಮಣ್ಣಿನ ಪರೀಕ್ಷೆಯ ಫಲಗಳು, ಹೂತ ತುಣುಕುಗಳ ಸ್ಥಾನಗಳು, ಇವೆಲ್ಲವೂ ಮೂರು ತಲೆಮಾರುಗಳ ವರೆಗೆ ಸುರಕ್ಷಿತವಾಗಿ ಉಳಿಯಬೇಕು. ಏಕೆಂದರೆ ಗೋಡೆಯ ಆಯುಸ್ಸು ಕಟ್ಟಿದವರ ಆಯುಸ್ಸಿಗಿಂತ ದೊಡ್ಡದು.

ಇಟಗಿಯ ದೇವಾಲಯವನ್ನು ಯಾರು ಯಾವ ವರ್ಷ ಕಟ್ಟಿಸಿದರೆಂಬುದು ಒಂಬತ್ತು ಶತಮಾನಗಳಾದರೂ ತಿಳಿಯುವುದು ಅಲ್ಲಿ ಶಾಸನವಿರುವುದರಿಂದ. ಹೆದ್ದಾರಿಯ ಗೋಡೆಗೂ ಒಂದು ಸಣ್ಣ ಶಾಸನವು ಬೇಕು. ಕಟ್ಟಿದ ವರ್ಷ, ಪಟ್ಟಿಯ ದಪ್ಪ, ಲೇಪದ ಪ್ರಮಾಣ, ತುಂಬಿದ ಮಣ್ಣಿನ ಗುಣ, ಮುಂದಿನ ಪರೀಕ್ಷೆಯ ಕಾಲ, ಇಷ್ಟನ್ನು ಫಲಕದ ಮೇಲೆ ಕೆತ್ತಿಸಿದರೆ ಸಾಕು. ಅದನ್ನು ಕನ್ನಡದಲ್ಲಿ ಕೆತ್ತಿಸಿದರೆ ದಾರಿಹೋಕನೂ ಓದಿ ಕೇಳಬಲ್ಲನು. ಅದಕ್ಕೆ ಬೇಕಾದ ಪರಿಭಾಷೆಯನ್ನು ನಿಷ್ಕರ್ಷಿಸಿಕೊಡುವುದು ಶಬ್ದವಿದರಿಗೆ ಉಚಿತವಾದ ಕಾರ್ಯವು.